ಲ್ಯಾಂಗಮ್: ಎಸ್ಕ್ ಕಣಿವೆಯ ಸಣ್ಣ ಊರು, ಅದರ ಗುಡ್ಡಗಳು, ನಮ್ಮ ಮೈಸೂರಿನ ನಂಟು

ಕಾರ್ಲೈಲ್ ಕಾವೇರಿ

ರೀಡ್ ಅಂಡ್ ಟೇಲರ್ ಅನ್ನೋ ಸೂಟು ಬಟ್ಟೆ ನಂಜನಗೂಡಿನದಾ, ಫಾರಿನ್ನಿನದಾ ಅಂತ ಇಲ್ಲೇ ಇನ್ನೊಂದು ಚರ್ಚೆಯಲ್ಲಿ ಜಗಳ ನಡೀತಿದೆ. ಎರಡೂ ಸರಿ. ಆದರೆ ಆ ಹೆಸರು ಹುಟ್ಟಿದ್ದು ಸ್ಕಾಟ್‌ಲೆಂಡಿನ ಲ್ಯಾಂಗಮ್ ಅನ್ನೋ ಊರಲ್ಲಿ, 1837ರಲ್ಲಿ. ಅಲೆಕ್ಸಾಂಡರ್ ರೀಡ್, ಜೋಸೆಫ್ ಟೇಲರ್ ಅಂತ ಇಬ್ಬರು ಸೇರಿ ಶುರು ಮಾಡಿದ ಉಣ್ಣೆ ಬಟ್ಟೆ ಮಿಲ್ಲು ಅದು. ನಾನಿರುವ ಇಂಗ್ಲೆಂಡಿನ ಕಾರ್ಲೈಲ್‌ನಿಂದ ಎ7 ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಈ ಊರಿಗೂ ಮೈಸೂರು ಸೀಮೆಗೂ ಬಟ್ಟೆಗಿಂತ ಹಳೇ ನಂಟು ಇನ್ನೊಂದಿದೆ. ಕೇಳೋಕೆ ಅಷ್ಟೇನೂ ಹಿತವಲ್ಲ. ಅದಕ್ಕೇ ಬೇರೆಯಾಗಿ ಬರೀತಿದ್ದೇನೆ.

ಮೊದಲು ಊರು ಎಲ್ಲಿದೆ ಅಂತ ನೋಡೋಣ. ಎಸ್ಕ್ ಅನ್ನೋ ಹೊಳೆಗೆ ಯೂಸ್, ವೌಕಪ್ ಅನ್ನೋ ಎರಡು ಸಣ್ಣ ಹೊಳೆಗಳು ಬಂದು ಸೇರುವ ಜಾಗ. ಸುತ್ತ ಮರವಿಲ್ಲದ ಬೋಳು ಗುಡ್ಡಗಳು. ಜನಸಂಖ್ಯೆ ಎರಡು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಒಂದೊಂದು ಚರ್ಚಿನ ಕೈಕೆಳಗಿನ ಹಳ್ಳಿಗಳ ಗುಂಪಿಗೆ ಪ್ಯಾರಿಷ್ ಅಂತಾರಲ್ಲ, ಹಾಗೆ ಇಲ್ಲಿ ಲ್ಯಾಂಗಮ್ ಪ್ಯಾರಿಷ್. ಹೊಳೆಯ ಮೇಲ್ಗಡೆ ವೆಸ್ಟರ್‌ಕರ್ಕ್, ಇನ್ನೂ ಮೇಲೆ ಎಸ್ಕ್‌ಡೇಲ್‌ಮ್ಯೂರ್. ಕೆಳಗಡೆ, ಇಂಗ್ಲೆಂಡಿನ ಗಡಿಗೆ ಅಂಟಿಕೊಂಡು ಕ್ಯಾನನ್‌ಬಿ.

ಗಡಿ ಅಂದರೆ ಗೊತ್ತಲ್ಲ, ನೆಮ್ಮದಿ ಇರೋದಿಲ್ಲ. 1455ರಲ್ಲಿ ಸ್ಕಾಟ್‌ಲೆಂಡಿನ ರಾಜ ಎರಡನೇ ಜೇಮ್ಸ್‌ನ ಕಡೆಯವರು ಬ್ಲ್ಯಾಕ್ ಡಗ್ಲಸ್ ಅನ್ನೋ ಬಲಿಷ್ಠ ಮನೆತನವನ್ನು ಮುರಿದಿದ್ದು ಇದೇ ಊರಿನ ಬಯಲಲ್ಲಿ. ಆಗ ಆ ಜಾಗಕ್ಕೆ ಆರ್ಕಿನ್‌ಹೋಮ್ ಅಂತ ಹೆಸರು. ಅದಾದ ಮೇಲೆ ಕಣಿವೆಯಲ್ಲಿ ನಡೆದಿದ್ದು ಆರ್ಮ್‌ಸ್ಟ್ರಾಂಗ್ ಕುಲದವರ ಆಟ. ಇವರ ಕಸುಬು ಗಡಿ ದಾಟಿ ದನ ಹೊಡೆದುಕೊಂಡು ಬರೋದು. ಸ್ಕಾಟ್‌ಲೆಂಡು, ಇಂಗ್ಲೆಂಡು ಎರಡೂ ತನ್ನದು ಅನ್ನುತ್ತಿದ್ದ ಒಂದು ಪಟ್ಟಿ ನೆಲ ಇತ್ತು. ಅಲ್ಲಿ ಯಾವ ಕಾನೂನೂ ನಡೀತಿರಲಿಲ್ಲ. 1552ರಲ್ಲಿ ಫ್ರಾನ್ಸಿನ ರಾಯಭಾರಿಯನ್ನು ಮಧ್ಯಸ್ಥಿಕೆಗೆ ಕೂರಿಸಿ, ಉದ್ದಕ್ಕೆ ಮಣ್ಣಿನ ಏರಿ ಹಾಕಿ ಅದನ್ನು ಹಂಚಿಕೊಂಡರು.

1530ರಲ್ಲಿ ಐದನೇ ಜೇಮ್ಸ್ ದೊರೆ ಈ ಕಡೆ ಸವಾರಿ ಬಂದ. ಗಿಲ್‌ನಾಕಿಯ ಜಾನಿ ಆರ್ಮ್‌ಸ್ಟ್ರಾಂಗ್ ತನ್ನ ಜನರನ್ನು ಕಟ್ಟಿಕೊಂಡು ಕಾಣೋಕೆ ಹೋದ. ದೊರೆ ಅಲ್ಲೇ ಕಾರ್ಲನ್‌ರಿಗ್‌ನಲ್ಲಿ ಅಷ್ಟೂ ಜನರನ್ನು ಮರಕ್ಕೆ ನೇತುಹಾಕಿಸಿದ. 1603ರಲ್ಲಿ ಎರಡೂ ದೇಶಕ್ಕೆ ಒಬ್ಬನೇ ರಾಜ ಆದ ಮೇಲೆ ಗಡಿಯ ಕಳ್ಳರಿಗೆ ಉಳಿಗಾಲ ಇರಲಿಲ್ಲ. ಗಲ್ಲು, ಗಡೀಪಾರು. 1621ರಲ್ಲಿ ಲ್ಯಾಂಗಮ್ಮಿಗೆ ಪೇಟೆಯ ಹಕ್ಕುಪತ್ರ ಸಿಕ್ಕಿತು. ಆಮೇಲಾಮೇಲೆ ಸುತ್ತಲಿನ ಜಮೀನಿನ ಬಹುಭಾಗ ಬಕ್ಲೂ ಡ್ಯೂಕ್ ಮನೆತನಕ್ಕೆ ಹೋಯಿತು. ಉಳಿದವರು ಗೇಣಿದಾರರು.

ಈ ಗೇಣಿ ವಿಷಯ ನೆನಪಲ್ಲಿಟ್ಟುಕೊಳ್ಳಿ. ನನ್ನ ಪ್ರಕಾರ ಈ ಊರಿನ ಕಥೆಯೆಲ್ಲ ಅಲ್ಲೇ ಇದೆ.

ತಾಂಡವಪುರ ಮಂಜ

ಕಾವೇರಿ ಅಕ್ಕ, ಆ ಜಗಳ ಶುರು ಮಾಡಿದ್ದೇ ನಾನು. ನಮ್ಮೂರ ಪಕ್ಕ ತಾಂಡ್ಯ ಇಂಡಸ್ಟ್ರಿಯಲ್ ಏರಿಯಾದಲ್ಲೇ ಫ್ಯಾಕ್ಟರಿ. ಬಸ್ಸಲ್ಲಿ "ರೀಡ್ ಟೇಲರ್ ಸ್ಟಾಪ್" ಅಂದರೆ ಕಂಡಕ್ಟರ್ ಇಳಿಸ್ತಿದ್ದರು. ಟಿವಿಯಲ್ಲಿ ಮೊದಲು ಜೇಮ್ಸ್ ಬಾಂಡ್ ಪಾತ್ರದ ಪಿಯರ್ಸ್ ಬ್ರಾಸ್ನನ್, ಆಮೇಲೆ ಅಮಿತಾಭ್ ಬಚ್ಚನ್ ಇದರ ಸೂಟು ಹಾಕ್ಕೊಂಡು ಬರ್ತಿದ್ದರು. ಆ ಬಟ್ಟೆ ನೇಯ್ತಿದ್ದವರು ನಮ್ಮ ಕಡೆ ಹುಡುಗರು ಅಂತ ಯಾರಿಗೂ ಗೊತ್ತಿರಲಿಲ್ಲ, ಬಿಡಿ.

ಅಲ್ಲಿನ ಮೂಲ ಮಿಲ್ಲು ಈಗಲೂ ನಡೀತಿದೆಯಾ?

ಕಾರ್ಲೈಲ್ ಕಾವೇರಿ

ಇಲ್ಲ ಮಂಜು. ಲ್ಯಾಂಗಮ್ಮಿನ ಮಿಲ್ಲು 2013ರಲ್ಲಿ ಬಾಗಿಲು ಹಾಕಿತು. ಎಸ್. ಕುಮಾರ್ಸ್ ಅನ್ನೋ ಬಟ್ಟೆ ಕಂಪನಿಯವರು ಹೆಸರು ತಂದು ಭಾರತದಲ್ಲಿ ಮಾರೋಕೆ ಶುರು ಮಾಡಿದ್ದು 1998ರಲ್ಲಿ. ಭಾರತದ ಆ ರೀಡ್ ಅಂಡ್ ಟೇಲರ್ ಕಂಪನಿ 2018ರಲ್ಲಿ ದಿವಾಳಿ ಕೋರ್ಟಿಗೆ ಹೋಗಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ. ಈ ದೇಶದ ಪ್ರವಾಸಿ ಜಾಗಗಳಲ್ಲೆಲ್ಲ ಕಾಣ್ತಿದ್ದ ಎಡಿನ್‌ಬರೋ ವುಲನ್ ಮಿಲ್ ಅಂಗಡಿಗಳ ಮೂಲವೂ ಇದೇ ಊರು. 1946ರಲ್ಲಿ ಇಲ್ಲೊಂದು ನೂಲಿಗೆ ಬಣ್ಣ ಹಾಕುವ ಘಟಕವಾಗಿ ಶುರುವಾಯಿತು. ಮೊದಲ ಅಂಗಡಿ ತೆರೆದಿದ್ದು 1970ರಲ್ಲಿ. ಹೊಳೆ ನೀರು ಮೆದು. ಉಣ್ಣೆ ತೊಳೆಯೋಕೆ, ಬಣ್ಣ ಹಿಡಿಯೋಕೆ ಅದು ಬಹಳ ಮುಖ್ಯ. ಗುಡ್ಡದ ಮೇಲೆ ಕುರಿ, ಕೆಳಗೆ ಹೊಳೆ, ಮಧ್ಯೆ ಮಗ್ಗ. ಹೀಗೆ ಊರು ಬೆಳೆಯಿತು.

ಕುರಿ ರಂಗಪ್ಪ, ಸಿರಾ

ಕುರಿ ಅಂದ್ರಲ್ಲ, ಯಾವ ತಳಿ ಮೇಡಂ? ಉಣ್ಣೆಗೆ ಅಲ್ಲಿ ರೇಟು ಹೆಂಗೆ? ನಮ್ಮಲ್ಲಿ ಕತ್ತರಿಸೋ ಕೂಲಿನೂ ಹುಟ್ಟಲ್ಲ.

ಕಾರ್ಲೈಲ್ ಕಾವೇರಿ

ರಂಗಪ್ಪಣ್ಣ, ಈ ಗುಡ್ಡಗಳಲ್ಲಿ ಜಾಸ್ತಿ ಇರೋದು ಚೆವಿಯಟ್, ಬ್ಲ್ಯಾಕ್‌ಫೇಸ್. ರೇಟಿನ ವಿಷಯದಲ್ಲಿ ನಿಮ್ಮ ಕಥೆಯೇ ಇಲ್ಲೂ. ಎಷ್ಟೋ ವರ್ಷ ಉಣ್ಣೆ ಮಾರಿದ ದುಡ್ಡು ಕತ್ತರಿಸಿದ ಕೂಲಿಗೂ ಸಾಲಲ್ಲ. ಮಾಂಸಕ್ಕೇ ಸಾಕೋದು.

ಒಂದು ವಿಶೇಷ ಇದೆ. ಇಲ್ಲಿ ಗುಡ್ಡಕ್ಕೆ ಎಲ್ಲ ಕಡೆ ಬೇಲಿ ಇರಲ್ಲ. ಆದರೂ ಒಬ್ಬರ ಮಂದೆ ಇನ್ನೊಬ್ಬರ ಗುಡ್ಡಕ್ಕೆ ಹೋಗಲ್ಲ. ತಾಯಿ ಮೇಯೋ ಜಾಗವನ್ನೇ ಮರಿ ಕಲಿಯುತ್ತೆ, ಅದರ ಮರಿ ಅದರಿಂದ ಕಲಿಯುತ್ತೆ. ಅದಕ್ಕೇ ಜಮೀನು ಕೈ ಬದಲಾದಾಗ ಮಂದೆಯನ್ನು ಗುಡ್ಡದ ಜೊತೆಗೇ ಬಿಟ್ಟುಕೊಡ್ತಾರೆ. 2001ರಲ್ಲಿ ಕಾಲುಬಾಯಿ ರೋಗ ಬಂದು ಈ ಜಿಲ್ಲೆಯಲ್ಲಿ ಮಂದೆ ಮಂದೆಯನ್ನೇ ಕೊಂದು ಹಾಕಿದರು. ಗುಡ್ಡ ಗೊತ್ತಿದ್ದ ಕುರಿಗಳೇ ಹೋದರೆ ಹೊಸದಾಗಿ ತಂದ ಕುರಿಗೆ ಯಾರು ಕಲಿಸಬೇಕು?

ಕುರಿ ರಂಗಪ್ಪ, ಸಿರಾ

ಅಯ್ಯೋ. ಅದು ದುಡ್ಡು ಕೊಟ್ಟರೂ ಬರಲ್ಲ ಬಿಡಿ.

ಕೋಟೆ ಬಾಗಿಲು

ಕಾವೇರಿಯವರೇ, ಹಳೇ ನಂಟು ಅಂದ್ರಲ್ಲ, ಜಾನ್ ಮಾಲ್ಕಂ ತಾನೇ? ಶ್ರೀರಂಗಪಟ್ಟಣದವನಾಗಿ ನಾನೇ ಹೇಳಿಬಿಡ್ತೀನಿ.

ಜಾನ್ ಮಾಲ್ಕಂ ಹುಟ್ಟಿದ್ದು 1769ರಲ್ಲಿ, ವೆಸ್ಟರ್‌ಕರ್ಕ್ ಪ್ಯಾರಿಷ್ಷಿನ ಬರ್ನ್‌ಫುಟ್ ಅನ್ನೋ ಕುರಿ ಫಾರ್ಮಿನಲ್ಲಿ. ಅಪ್ಪ ಗೇಣಿದಾರ. ಮಕ್ಕಳು ಹದಿನೇಳು! ಅಪ್ಪ ವ್ಯವಹಾರದಲ್ಲಿ ಕೈ ಸುಟ್ಟುಕೊಂಡಿದ್ದ. ಹುಡುಗರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸದೆ ವಿಧಿಯಿಲ್ಲ. ಹದಿಮೂರನೇ ವಯಸ್ಸಿಗೇ ಇವನನ್ನು ಲಂಡನ್ನಿಗೆ ಕರೆದೊಯ್ದು ಈಸ್ಟ್ ಇಂಡಿಯಾ ಕಂಪನಿ ನಿರ್ದೇಶಕರ ಮುಂದೆ ನಿಲ್ಲಿಸಿದರು. ಹುಡುಗ ತೀರಾ ಚಿಕ್ಕವನು, ತಿರಸ್ಕರಿಸೋಣ ಅಂತ ಅವರ ಲೆಕ್ಕ. ಒಬ್ಬ ಸುಮ್ನೆ ತಮಾಷೆಗೆ ಕೇಳಿದ: "ಏನಪ್ಪಾ, ಹೈದರಾಲಿ ಎದುರಿಗೆ ಸಿಕ್ಕರೆ ಏನು ಮಾಡ್ತೀಯ?" ಹುಡುಗ ತನ್ನ ಊರ ಭಾಷೆಯಲ್ಲೇ ಹೇಳಿದ: ಕತ್ತಿ ಹಿರಿದು ತಲೆ ತೆಗೀತೀನಿ. ಕೆಲಸ ಸಿಕ್ಕಿತು.

ಅವನು 1783ರಲ್ಲಿ ಮದರಾಸಿಗೆ ಬಂದು ಇಳಿಯೋ ಹೊತ್ತಿಗೆ ಹೈದರಾಲಿ ತೀರಿಕೊಂಡಾಗಿತ್ತು. 1782ರ ಡಿಸೆಂಬರ್‌ನಲ್ಲೇ. ತಲೆ ಉಳಿಯಿತು.

ಮುಂದಿನ ವರ್ಷ ಮಂಗಳೂರು ಒಪ್ಪಂದ ಆಯಿತಲ್ಲ, ಟಿಪ್ಪು ಬಿಡುಗಡೆ ಮಾಡಿದ ಇಂಗ್ಲಿಷ್ ಸೆರೆಯಾಳುಗಳನ್ನು ಕರೆತರೋಕೆ ಕಂಪನಿ ಒಂದು ತುಕಡಿ ಕಳಿಸಿತು. ಸೆರೆಯಾಳುಗಳ ಜೊತೆ ಬಂದ ಮೇಜರ್ ನೋಡ್ತಾನೆ, ಒರಟು ತಟ್ಟುಕುದುರೆ ಮೇಲೆ ಕೆಂಪು ಮುಖದ ಒಬ್ಬ ಚಿಕ್ಕ ಹುಡುಗ. "ನಿಮ್ಮ ಕಮಾಂಡರ್ ಎಲ್ಲಪ್ಪ?" ಅಂದ. "ನಾನೇ ಕಮಾಂಡರ್" ಅಂದನಂತೆ. ವಯಸ್ಸು ಹದಿನೈದು.

1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದ. 1799ರಲ್ಲಿ ನಿಜಾಮನ ಸೈನ್ಯದ ಜೊತೆ ಮತ್ತೆ ನಮ್ಮೂರಿಗೆ ಬಂದ. ಕೋಟೆ ಬಿದ್ದ ಮೇಲೆ ಮೈಸೂರನ್ನು ಏನು ಮಾಡಬೇಕು ಅಂತ ತೀರ್ಮಾನಿಸೋಕೆ ಕಂಪನಿ ಒಂದು ಸಮಿತಿ ಮಾಡಿತು. ಅದರ ಇಬ್ಬರು ಕಾರ್ಯದರ್ಶಿಗಳು ಯಾರು? ಒಬ್ಬ ಈ ಮಾಲ್ಕಂ, ಇನ್ನೊಬ್ಬ ಥಾಮಸ್ ಮನ್ರೋ. ಇಬ್ಬರೂ ಸ್ಕಾಟ್‌ಗಳೇ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿ, ಉಳಿದ ಸೀಮೆಯನ್ನು ಕಂಪನಿಗಿಷ್ಟು ನಿಜಾಮನಿಗಿಷ್ಟು ಅಂತ ಹಂಚಿದ ಕಾಗದಗಳೆಲ್ಲ ಇವರ ಕೈಯಿಂದಲೇ ಹೋದವು. ಮುಂದೆ ಮಾಲ್ಕಂ ಮೈಸೂರಿಗೇ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿಯೂ ಬಂದ. ಮೈಸೂರಿನ ಸರ್ಕಾರಿ ಭವನದ ಕಥೆಯಲ್ಲಿ ಇವನ ಹೆಸರು ಬರೋದು ಅದಕ್ಕೇ.

ಸುಮ್ನೆ ಓದೋಳು

ಕುರಿ ಕಾಯೋ ಮನೆ ಹುಡುಗ ಪ್ರಪಂಚ ಸುತ್ತಿ ಇಷ್ಟು ಎತ್ತರಕ್ಕೆ ಏರಿದ್ದು ಮೆಚ್ಚಬೇಕಾದ್ದೇ. ಊರಲ್ಲಿ ಏನಾದರೂ ನೆನಪು ಇಟ್ಟಿದ್ದಾರಾ?

ಕಾರ್ಲೈಲ್ ಕಾವೇರಿ

ಊರು ಸೇರುವ ಮೊದಲೇ ಕಾಣುತ್ತೆ. ಊರ ಮೇಲಿನ ವಿಟಾ ಗುಡ್ಡದ ತುದಿಯಲ್ಲಿ ನೂರು ಅಡಿ ಎತ್ತರದ ಕಲ್ಲಿನ ಕಂಬ. 1835ರಲ್ಲಿ ನಿಲ್ಲಿಸಿದ್ದು. ಎಲ್ಲಿ ನಿಂತರೂ ಕಣ್ಣಿಗೆ ಬೀಳುತ್ತೆ. ಅಣ್ಣ ಪಲ್ಟ್ನಿ ಮಾಲ್ಕಂ ನೌಕಾಪಡೆಯ ಅಡ್ಮಿರಲ್. ನೆಪೋಲಿಯನ್ ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದಾಗ ಅಲ್ಲಿನ ಕಾವಲು ಹಡಗುಗಳ ಮುಖ್ಯಸ್ಥನಾಗಿದ್ದವನು. ಅವನ ಪ್ರತಿಮೆ ಊರೊಳಗೇ ಇದೆ. ಜೇಮ್ಸ್, ಪಲ್ಟ್ನಿ, ಜಾನ್ ಮೂವರು ಸೋದರರಿಗೂ 1815ರಲ್ಲಿ ಒಟ್ಟಿಗೇ ನೈಟ್ ಪದವಿ ಬಂತು. ಜಾನ್ ಕೊನೆಗೆ ಬಾಂಬೆ ಗವರ್ನರ್ ಆಗಿದ್ದ, 1827ರಿಂದ 1830ರವರೆಗೆ. ಮಹಾಬಲೇಶ್ವರದ ಪೇಟೆಗೆ ಮಾಲ್ಕಂ ಪೇಠ್ ಅಂತ ಹೆಸರು ಬಂದಿದ್ದು ಇವನಿಂದ.

ಎತ್ತರಕ್ಕೆ ಏರಿದ್ದು ಸರಿ. ಆದರೆ ಯಾವ ಏಣಿ ಅಂತಲೂ ನೋಡಬೇಕು. ಮಾಲ್ಕಂ ಹುಡುಗರನ್ನು ಮೇಲೆತ್ತಿದ್ದು ಅದೇ ಪ್ಯಾರಿಷ್ಷಿನ ವೆಸ್ಟರ್‌ಹಾಲ್ ಜಾನ್‌ಸ್ಟನ್ ಮನೆತನ. ಅವರಲ್ಲೊಬ್ಬ ಶ್ರೀಮಂತರ ಮಗಳನ್ನು ಮದುವೆಯಾಗಿ ವಿಲಿಯಂ ಪಲ್ಟ್ನಿ ಅಂತ ಹೆಸರು ಬದಲಿಸಿಕೊಂಡ. ಅಡ್ಮಿರಲ್ ಹೆಸರು ಅಲ್ಲಿಂದಲೇ ಬಂದಿದ್ದು. ಅವನ ಸೋದರರಲ್ಲಿ ಒಬ್ಬ, ಪ್ಯಾಟ್ರಿಕ್, 1756ರಲ್ಲಿ ಕಲ್ಕತ್ತಾದ ಕತ್ತಲೆ ಕೋಣೆಯಲ್ಲಿ ಸತ್ತ. ಇನ್ನೊಬ್ಬ ಅಲೆಕ್ಸಾಂಡರ್ ವೆಸ್ಟ್ ಇಂಡೀಸಿನ ಗ್ರೆನಡಾದಲ್ಲಿ ಗುಲಾಮರು ದುಡಿಯುವ ಕಬ್ಬಿನ ತೋಟ ಕೊಂಡು ಅದಕ್ಕೂ ವೆಸ್ಟರ್‌ಹಾಲ್ ಅಂತಲೇ ಹೆಸರಿಟ್ಟ. ಮತ್ತೊಬ್ಬ ಜಾನ್ ಬಂಗಾಳದಲ್ಲಿ ಕಂಪನಿ ಕೆಲಸದಲ್ಲಿ ದುಡ್ಡು ಮಾಡಿ ಊರಿಗೆ ಮರಳಿದ.

ಈ ಜಾನ್ ಮರಳುವಾಗ ಬಂಗಾಳದ ಒಬ್ಬ ಹುಡುಗಿಯನ್ನು ಗುಲಾಮಳನ್ನಾಗಿ ಜೊತೆಗೆ ತಂದಿದ್ದ. ಅವಳ ಸ್ವಂತ ಹೆಸರು ದಾಖಲೆಯಲ್ಲೇ ಇಲ್ಲ. ಕೋರ್ಟಿನ ಕಾಗದದಲ್ಲಿ ಬೆಲ್ ಅಥವಾ ಬೆಲಿಂಡಾ ಅಂತಿದೆ. 1771ರಲ್ಲಿ ಸ್ಕಾಟ್‌ಲೆಂಡಿನ ಫೈಫ್ ಸೀಮೆಯಲ್ಲಿ ಅವಳಿಗೆ ಹುಟ್ಟಿದ ಮಗುವಿನ ಹೆಣ ಹೊಳೆಯಲ್ಲಿ ಸಿಕ್ಕಿತು. ಅವಳೇ ಕೊಂದಳು ಅಂತ ಪರ್ತ್ ಕೋರ್ಟಿಗೆ ತಂದರು. ತನ್ನನ್ನು ದೇಶದಿಂದ ಹೊರಗೆ ಕಳಿಸಿಬಿಡಿ ಅಂತ ಅರ್ಜಿ ಹಾಕಿಕೊಂಡಳು. ಅಮೆರಿಕದ ತೋಟಗಳಿಗೆ ಸಾಗಿಸಿ ಗುಲಾಮಳಾಗಿ ಮಾರಿ ಅಂತ ಆದೇಶ ಆಯಿತು. ಇದಾಗಿ ಏಳು ವರ್ಷಕ್ಕೇ, 1778ರಲ್ಲಿ, ಗುಲಾಮಗಿರಿಗೆ ಈ ನೆಲದ ಕಾನೂನಿನಲ್ಲಿ ಜಾಗ ಇಲ್ಲ ಅಂತ ಎಡಿನ್‌ಬರೋ ಕೋರ್ಟು ಇನ್ನೊಂದು ಕೇಸಿನಲ್ಲಿ ಹೇಳಿತು.

ಮಾಲ್ಕಂಗೆ ನೂರು ಅಡಿ ಕಂಬ ಇದೆ. ಈ ಹುಡುಗಿ ವರ್ಜೀನಿಯಾ ಮುಟ್ಟಿದ ಮೇಲೆ ಏನಾದಳು ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಕೋಟೆ ಬಾಗಿಲು

ಕಾವೇರಿಯವರೇ, ಸ್ವಲ್ಪ ತಕರಾರು. ಜಾನ್‌ಸ್ಟನ್ ಮನೆ ಪಾಪವನ್ನು ಮಾಲ್ಕಂ ತಲೆಗೆ ಕಟ್ಟಬಾರದು. ಮಾಲ್ಕಂ ಪರ್ಷಿಯನ್ ಭಾಷೆ ಕಲಿತ, ಇಲ್ಲಿನ ಜನರ ರೀತಿನೀತಿ ಬಲ್ಲವನಾಗಿದ್ದ. ಸಂಸ್ಥಾನಗಳನ್ನೆಲ್ಲ ನುಂಗಿ ಹಾಕಬಾರದು, ಉಳಿಸಬೇಕು ಅಂತ ವಾದಿಸಿದವರಲ್ಲಿ ಅವನೂ ಒಬ್ಬ. ಕಂಪನಿಯಲ್ಲಿ ಅವನಿಗಿಂತ ಕೆಟ್ಟವರು ಬೇಕಾದಷ್ಟು ಜನ ಇದ್ದರು.

ಕಾರ್ಲೈಲ್ ಕಾವೇರಿ

ಒಪ್ಪಿದೆ, ಕೆಟ್ಟವರು ಇದ್ದರು. ನಾನು ಹೇಳೋದು ಬೇರೆ. ತನ್ನಪ್ಪ ಮೇಯಿಸಿದ ಗುಡ್ಡದಲ್ಲಿ ಒಂದು ಗೇಣು ಸ್ವಂತ ನೆಲ ಇಲ್ಲದವನು ಬಂದು ನಿಮ್ಮ ಸೀಮೆಯನ್ನು ಗೆರೆ ಎಳೆದು ಹಂಚಿದ. ಒಳ್ಳೆಯವನಾ ಕೆಟ್ಟವನಾ ಅನ್ನೋದಕ್ಕಿಂತ ನನಗೆ ಇದು ದೊಡ್ಡದಾಗಿ ಕಾಣುತ್ತೆ. ಆ ಗೇಣಿ ಪದ್ಧತಿಯಲ್ಲಿ ಊರಲ್ಲಿ ಉಳಿದವನಿಗೆ ಭವಿಷ್ಯ ಇರಲಿಲ್ಲ. ಹೊರಟವನಿಗೆ ಬೇರೆಯವರ ಭೂಮಿ ಕಾಯ್ತಿತ್ತು.

ಸೇತುವೆ ಇಂಜಿನಿಯರ್

ಹೊರಟವರೆಲ್ಲ ಹಾಗೇ ಆಗಬೇಕಿಲ್ಲ. ಅದೇ ವೆಸ್ಟರ್‌ಕರ್ಕ್ ಪ್ಯಾರಿಷ್ಷಿನಿಂದ ನಮ್ಮ ಕುಲಗುರು ಬಂದಿದ್ದು, ಮರೆತುಬಿಟ್ಟಿರಾ? ಥಾಮಸ್ ಟೆಲ್ಫರ್ಡ್! ಸಿವಿಲ್ ಓದಿದವರೆಲ್ಲ ಕೈಮುಗಿಯಬೇಕಾದ ಹೆಸರು.

1757ರಲ್ಲಿ ಗ್ಲೆಂಡಿನಿಂಗ್ ಅನ್ನೋ ಕುರಿ ದೊಡ್ಡಿಯಲ್ಲಿ ಹುಟ್ಟಿದ. ಅಪ್ಪ ಕುರಿಗಾಹಿ. ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ತೀರಿಕೊಂಡ. ತಾಯಿ ಜಾನೆಟ್ ಒಬ್ಬಳೇ ಸಾಕಿದಳು. ಹುಡುಗ ಕಲ್ಲುಕೆಲಸ ಕಲಿತು, ಅಪ್ಪನ ಗೋರಿಗೆ ತಾನೇ ಕಲ್ಲು ಕೆತ್ತಿದ. ಮೂವತ್ತಮೂರು ವರ್ಷ ಕಳಂಕವಿಲ್ಲದ ಕುರಿಗಾಹಿಯಾಗಿ ಬಾಳಿದವನು ಅಂತ ಅದರ ಮೇಲೆ ಬರೆದಿದ್ದಾನೆ. ತಾನು ಕಂಡೇ ಇಲ್ಲದ ಅಪ್ಪನ ಬಗ್ಗೆ.

ಲ್ಯಾಂಗಮ್ಮಿನಲ್ಲಿ ಎಸ್ಕ್ ಹೊಳೆಗೆ ಸೇತುವೆ ಕಟ್ಟುವಾಗ ಇವನೂ ಕಲ್ಲುಕುಟಿಗ. ಒಂದು ಸಲ ಹೊಳೆ ಉಕ್ಕಿ ಬಂತು. ಮೇಸ್ತ್ರಿ ಊರಲ್ಲಿ ಇರಲಿಲ್ಲ. ಕಾಮಗಾರಿಗೆ ಏಳು ವರ್ಷ ಹೊಣೆ ಅವನದೇ. ಮೇಸ್ತ್ರಿ ಹೆಂಡತಿ ಟಿಬ್ಬಿ "ನಾವು ಹಾಳಾದೆವು" ಅಂತ ಕೂಗ್ತಾ ಓಡಿ ಬಂದು, ಸೇತುವೆ ಬೀಳದಿರಲಿ ಅಂತ ಬೆನ್ನು ಕೊಟ್ಟು ಒತ್ತಿ ನಿಂತಳಂತೆ. ಟೆಲ್ಫರ್ಡ್ ನಗ್ತಾ, ಏನೂ ಆಗಲ್ಲ ಬಿಡವ್ವಾ ಅಂದ. ಏನೂ ಆಗಲಿಲ್ಲ. ಆ ಸೇತುವೆ ಇನ್ನೂ ನಿಂತಿದೆ.

ಆಮೇಲೆ ಎಡಿನ್‌ಬರೋ, ಲಂಡನ್. ಕ್ಯಾಲೆಡೋನಿಯನ್ ಕಾಲುವೆ. ವೇಲ್ಸ್‌ನಲ್ಲಿ ಕಣಿವೆಯ ಮೇಲೆ ಕಬ್ಬಿಣದ ತೊಟ್ಟಿಯಲ್ಲಿ ದೋಣಿ ಹೋಗುವ ಪಾಂಟ್‌ಕಸಲ್ತೆ ಮೇಲ್ಗಾಲುವೆ, 1805. ಮೆನೈ ತೂಗುಸೇತುವೆ, 1826. 1834ರಲ್ಲಿ ಸತ್ತಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡಿದರು. ಯಾರ ರಾಜ್ಯವನ್ನೂ ಹಂಚಲಿಲ್ಲ ಮೇಡಂ, ರಸ್ತೆ ಹಾಕಿದ.

ಕಾರ್ಲೈಲ್ ಕಾವೇರಿ

ಟೆಲ್ಫರ್ಡ್ ಬಗ್ಗೆ ನನ್ನದೂ ತಕರಾರಿಲ್ಲ ಸಾರ್. ಅವನನ್ನೂ ಮೇಲೆತ್ತಿದ್ದು ಅದೇ ವಿಲಿಯಂ ಪಲ್ಟ್ನಿ, ಅಷ್ಟು ಸೇರಿಸ್ತೀನಿ. ಒಂದು ಪ್ಯಾರಿಷ್, ಒಂದೇ ಏಣಿ.

ಅವನು ಊರಿಗೆ ಬಿಟ್ಟು ಹೋಗಿದ್ದು ಕಂಬಕ್ಕಿಂತ ನನಗೆ ಇಷ್ಟ. ಗ್ಲೆಂಡಿನಿಂಗ್ ಹತ್ತಿರ ಆಂಟಿಮನಿ ಅದಿರಿನ ಗಣಿ ಇತ್ತು. ಅಲ್ಲಿನ ಕೂಲಿಕಾರರು 1793ರಲ್ಲಿ ತಾವೇ ಸೇರಿ ಒಂದು ಲೈಬ್ರರಿ ಮಾಡಿಕೊಂಡರು. ಗಣಿ ನಿಂತುಹೋಯಿತು, ಲೈಬ್ರರಿ ಬೆಂಟ್‌ಪಾತ್ ಹಳ್ಳಿಗೆ ಬಂದು ಉಳಿಯಿತು. ಟೆಲ್ಫರ್ಡ್ ತನ್ನ ಉಯಿಲಿನಲ್ಲಿ ಇದಕ್ಕೂ ಲ್ಯಾಂಗಮ್ಮಿನ ಲೈಬ್ರರಿಗೂ ದುಡ್ಡು ಬರೆದಿಟ್ಟ. ವೆಸ್ಟರ್‌ಕರ್ಕ್‌ನಲ್ಲಿ ಆಗ ಪುಸ್ತಕ ಬದಲಿಸ್ತಿದ್ದಿದ್ದು ತಿಂಗಳಿಗೊಮ್ಮೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಕುರಿ ಕಾಯೋರು, ನೇಗಿಲು ಹೊಡೆಯೋರು, ಮಕ್ಕಳು ಎಲ್ಲ ದೂರದೂರದಿಂದ ಬಂದು, ತಿಂಗಳಿಗೆ ಬೇಕಾದಷ್ಟು ಹೊತ್ತುಕೊಂಡು ಬೆಳದಿಂಗಳಲ್ಲಿ ಗುಡ್ಡ ಹತ್ತಿ ಮನೆಗೆ ಹೋಗೋರು.

ಲ್ಯಾಂಗಮ್ ಲೈಬ್ರರಿಯ ಕಟ್ಟಡದಲ್ಲೇ ಒಬ್ಬ ಪೋಸ್ಟ್‌ಮ್ಯಾನ್ ಮನೆ ಇತ್ತು. ಅವನ ಮಗ ಆ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ ಹ್ಯೂ ಮ್ಯಾಕ್‌ಡರ್ಮಿಡ್ ಅನ್ನೋ ಹೆಸರಲ್ಲಿ ಸ್ಕಾಟ್‌ಲೆಂಡಿನ ದೊಡ್ಡ ಕವಿಯಾದ. ಊರಿಗೂ ಅವನಿಗೂ ಕೊನೆವರೆಗೂ ಆಗಿಬರಲಿಲ್ಲ. ಆದರೂ 1978ರಲ್ಲಿ ಇಲ್ಲೇ ಮಣ್ಣಾದ.

ಬೈಲುಕುಪ್ಪೆ ಕ್ರಾಸ್

ಎಸ್ಕ್‌ಡೇಲ್‌ಮ್ಯೂರ್ ಅಂದ್ರಲ್ಲ, ಸಮ್ಯೆ ಲಿಂಗ್ ಇರೋದು ಅಲ್ಲೇ ಅಲ್ವಾ? ನಮ್ಮ ಕ್ಯಾಂಪಿನ ಹುಡುಗರ ಬಾಯಲ್ಲಿ ಕೇಳಿದ ಹೆಸರು.

ಕಾರ್ಲೈಲ್ ಕಾವೇರಿ

ಹೌದು, ಅಲ್ಲೇ. 1967ರಲ್ಲಿ ಇಬ್ಬರು ಟಿಬೆಟನ್ ಲಾಮಾಗಳು ಒಂದು ಹಳೇ ಮನೆಯಲ್ಲಿ ಶುರು ಮಾಡಿದರು. ಯೂರೋಪಿನ ಮೊದಲ ಟಿಬೆಟನ್ ಬೌದ್ಧ ಮಠಗಳಲ್ಲಿ ಅದೂ ಒಂದು. ಕುರಿ ಗುಡ್ಡಗಳ ಮಧ್ಯೆ ಚಿನ್ನದ ಬಣ್ಣದ ಗೋಪುರ, ಬಾವುಟಗಳು. ಮೊದಲ ಸಲ ಹೋದವರಿಗೆ ದಾರಿ ತಪ್ಪಿತೇನೋ ಅನ್ನಿಸುತ್ತೆ.

ಆ ಪ್ಯಾರಿಷ್ಷಿನಲ್ಲಿ ಇನ್ನೊಂದಿದೆ, ಇಂಜಿನಿಯರ್ ಸಾರ್‌ಗೆ ಇಷ್ಟವಾಗಬಹುದು. ಭೂಮಿಯ ಕಾಂತಶಕ್ತಿ ಅಳೆಯುವ ಕೇಂದ್ರ ಲಂಡನ್ನಿನ ಕ್ಯೂನಲ್ಲಿತ್ತು. ಅಲ್ಲಿ ಎಲೆಕ್ಟ್ರಿಕ್ ಟ್ರಾಮ್ ಓಡೋಕೆ ಶುರುವಾದಾಗ ಉಪಕರಣಗಳ ಮುಳ್ಳು ಅಲ್ಲಾಡತೊಡಗಿತು. ಟ್ರಾಮ್ ಎಂದೂ ಬಾರದ ಜಾಗ ಹುಡುಕಿ ಎಸ್ಕ್‌ಡೇಲ್‌ಮ್ಯೂರ್‌ಗೆ ಬಂದರು. 1908ರಿಂದ ಇಲ್ಲೇ. ಎಲ್ಲೋ ದೂರದ ದೇಶದಲ್ಲಿ ಅಣುಬಾಂಬು ಪರೀಕ್ಷೆ ಮಾಡಿದರೂ ಕಂಪನ ಹಿಡಿಯುವ ಉಪಕರಣಗಳೂ ಈ ಕೇಂದ್ರದ ಹತ್ತಿರದಲ್ಲೇ ಇವೆ. ಗಾಳಿ ಗಿರಣಿಗಳ ನಡುಕ ಅದಕ್ಕೆ ತೊಂದರೆ ಅಂತ ಸುತ್ತಮುತ್ತ ಗಾಳಿ ವಿದ್ಯುತ್ ಯೋಜನೆಗಳು ವರ್ಷಗಟ್ಟಲೆ ತಡೆದು ನಿಂತವು.

ತಾಂಡವಪುರ ಮಂಜ

ಅಕ್ಕಾ, ಆರ್ಮ್‌ಸ್ಟ್ರಾಂಗ್ ಅಂದ್ರೆ ಚಂದ್ರನ ಮೇಲೆ ಕಾಲಿಟ್ಟವರ ಕಡೆಯವರಾ?

ಕಾರ್ಲೈಲ್ ಕಾವೇರಿ

ಕುಲದ ಹೆಸರು ಅದೇ. 1972ರ ಮಾರ್ಚಿನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಇಲ್ಲಿಗೆ ಬಂದಿದ್ದರು. ಊರಿನ ಗೌರವ ನಾಗರಿಕ ಅಂತ ಮೊದಲು ಮಾಡಿದ್ದೇ ಅವರನ್ನು. ಆರ್ಮ್‌ಸ್ಟ್ರಾಂಗ್ ಯಾವನಾದರೂ ಊರಲ್ಲಿ ಕಂಡರೆ ನೇಣಿಗೆ ಹಾಕಿ ಅನ್ನೋ ಹಳೇ ಕಾನೂನೊಂದನ್ನು ಅವರ ಎದುರಿಗೇ ಓದಿದರಂತೆ. ನಾನ್ನೂರು ವರ್ಷ ಹಳೇದು, ಯಾರೂ ರದ್ದು ಮಾಡಿರಲಿಲ್ಲ.

ಸುಮ್ನೆ ಓದೋಳು

ಗೇಣಿ ಕಥೆ ಅರ್ಧಕ್ಕೇ ನಿಂತಿದೆ. ನೆನಪಲ್ಲಿಟ್ಟುಕೊಳ್ಳಿ ಅಂದ್ರಿ, ಇಟ್ಟುಕೊಂಡಿದ್ದೀನಿ.

ಕಾರ್ಲೈಲ್ ಕಾವೇರಿ

ಹೇಳ್ತೀನಿ. ಊರ ಜನ ಮೊದಲಿಂದ ಉರುವಲಿಗೆ, ಛಾವಣಿಗೆ, ದನ ಮೇಯಿಸೋಕೆ ಬಳಸ್ತಿದ್ದ ಸಾರ್ವಜನಿಕ ಗುಡ್ಡ ಇತ್ತು. ನಮ್ಮ ಗೋಮಾಳ ಇದ್ದ ಹಾಗೆ ಅಂದುಕೊಳ್ಳಿ. 18ನೇ ಶತಮಾನದಲ್ಲಿ ಜಮೀನುದಾರರು ಅದನ್ನು ಹಂಚಿಕೊಳ್ಳೋಕೆ ಹೊರಟರು. ಕೋರ್ಟಿಗೆ ಹೋಗಿ 1759ರಲ್ಲಿ ತೀರ್ಪು ಬಂತು. ದೊಡ್ಡ ಪಾಲು ದೊಡ್ಡವರಿಗೆ. ಕಾಮನ್‌ಮಾಸ್ ಅನ್ನೋ ಜೌಗು ಗುಡ್ಡ ಮತ್ತೆ ಹೊಳೆ ದಂಡೆಯ ಕಿಲ್ನ್‌ಗ್ರೀನ್ ಜನರ ಬಳಕೆಗೆ ಉಳಿದವು. ಆದರೆ ಆ ಎಲ್ಲೆಯನ್ನು ಗುಂಡಿ ತೋಡಿ, ಕಲ್ಲುಗುಪ್ಪೆ ಹಾಕಿ, ತಪ್ಪದೆ ನೋಡಿಕೊಂಡು ಬರಬೇಕು. ಆರ್ಚಿ ಬೀಟಿ ಅಂತ ಊರಿನ ಡಂಗುರದವನೊಬ್ಬ ಇದ್ದ. ಎಷ್ಟೋ ವರ್ಷ ಅವನೇ ಕಾಲ್ನಡಿಗೆಯಲ್ಲಿ ಎಲ್ಲೆ ಸುತ್ತಿ ಬರ್ತಿದ್ದ.

ಅದೇ ಈಗ ಊರ ಹಬ್ಬ. ಕಾಮನ್ ರೈಡಿಂಗ್ ಅಂತ, ಪ್ರತಿ ವರ್ಷ ಜುಲೈ ಕೊನೇ ಶುಕ್ರವಾರ. ಕಾರ್ನೆಟ್ ಅಂತ ಒಬ್ಬ ಹುಡುಗನನ್ನು ಆರಿಸಿ ಕೈಗೆ ಬಾವುಟ ಕೊಡ್ತಾರೆ. ಅವನ ಹಿಂದೆ ಸಾಲುಸಾಲು ಕುದುರೆಗಳು ಕಡಿದಾದ ಓಣಿಯಲ್ಲಿ ಗುಡ್ಡಕ್ಕೆ ನುಗ್ಗುತ್ತವೆ. ಮೆರವಣಿಗೆಯಲ್ಲಿ ಏನೇನು ಹೊರುತ್ತಾರೆ ಗೊತ್ತಾ? ಒಂದು ಮರದ ತಟ್ಟೆ, ಅದರ ಮೇಲೆ ಬಾರ್ಲಿ ರೊಟ್ಟಿ, ರೊಟ್ಟಿ ಮೇಲೆ ಉಪ್ಪು ಹಾಕಿದ ಹೆರಿಂಗ್ ಮೀನು. ಎರಡಕ್ಕೂ ಸೇರಿಸಿ ಒಂದು ದಪ್ಪ ಮೊಳೆ ಹೊಡೆದು ಕೋಲಿನ ತುದಿಗೆ ಏರಿಸಿರ್ತಾರೆ. ಎಲ್ಲೆ ಅಗೆಯೋಕೆ ಒಂದು ಸನಿಕೆ. ಆಳೆತ್ತರಕ್ಕಿಂತ ಮೇಲೆ ಮುಳ್ಳಿನ ತಿಸಲ್ ಗಿಡ. ಗುಲಾಬಿ ಹೂವಿನ ಕಿರೀಟ. ಮಕ್ಕಳೆಲ್ಲ ಗುಡ್ಡದ ಹೆದರ್ ಗಿಡದ ಪೊರಕೆ ಹಿಡಿದು ಬರ್ತಾರೆ, ಹಿಡಿದವರಿಗೆ ಒಂದೊಂದು ನಾಣ್ಯ.

ಇದರ ಮಧ್ಯೆ ಒಬ್ಬ ಕುದುರೆ ಬೆನ್ನ ಮೇಲೆ ಎದ್ದು ನಿಂತು ಜಾತ್ರೆ ಸಾರುತ್ತಾನೆ. ಗಲಾಟೆ ಮಾಡೋಕೆ ಬಂದವರ 'ಕಿವಿಗೆ ಮೊಳೆ ಹೊಡೆದು' ತಕ್ಕಡಿ ಕಂಬಕ್ಕೆ ಜಡೀತೀವಿ, ಮಂಡಿಯೂರಿ ರಾಜನಿಗಾಗಿ ಒಂಬತ್ತು ಸಲ, ರಾಲ್ಟನ್ ಜಮೀನುದಾರನಿಗಾಗಿ ಮೂರು ಸಲ ಪ್ರಾರ್ಥನೆ ಮಾಡೋವರೆಗೆ ಬಿಡಲ್ಲ ಅಂತ. ಕೆಳಗೆ ಇಡೀ ಬೀದಿ ಕೇಕೆ ಹಾಕುತ್ತೆ. ಮೊಬೈಲ್ ಹಿಡಿದ ಅಮೆರಿಕನ್ನರೂ ಇರ್ತಾರೆ.

ಈಗ ಮುಖ್ಯ ವಿಷಯ. ಹಬ್ಬ ನಡೀತಾನೇ ಇತ್ತು, ಸುತ್ತಲಿನ ಗುಡ್ಡ ಡ್ಯೂಕ್ ಕೈಯಲ್ಲೇ ಇತ್ತು. ಅಲ್ಲಿ ಗ್ರೌಸ್ ಅನ್ನೋ ಕಾಡುಕೋಳಿಗಳನ್ನು ಶ್ರೀಮಂತರು ಬೇಟೆಯಾಡ್ತಿದ್ದರು. ಹೆನ್ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿಯನ್ನು ಕೊಲ್ಲದೆ ಬಿಟ್ಟರೆ ಏನಾಗುತ್ತೆ ಅಂತ 1992ರಿಂದ 1997ರವರೆಗೆ ಇದೇ ಗುಡ್ಡದಲ್ಲಿ ದೊಡ್ಡ ಅಧ್ಯಯನ ನಡೀತು. ಹ್ಯಾರಿಯರ್ ಹೆಚ್ಚಿದವು, ಬೇಟೆಗೆ ಸಾಕಾಗುವಷ್ಟು ಗ್ರೌಸ್ ಉಳಿಯಲಿಲ್ಲ. ಬೇಟೆ ನಿಂತ ಮೇಲೆ ಎಸ್ಟೇಟಿಗೆ ಲಾಭ ಇಲ್ಲ. 2019ರಲ್ಲಿ ಮಾರಾಟಕ್ಕೆ ಇಟ್ಟರು.

ಊರಿನವರು ಸುಮ್ಮನೆ ಕೂರಲಿಲ್ಲ. ಲ್ಯಾಂಗಮ್ ಇನಿಶಿಯೇಟಿವ್ ಅನ್ನೋ ಊರಿನ ಸಂಸ್ಥೆ ಚಂದಾ ಎತ್ತೋಕೆ ಶುರು ಮಾಡಿತು. ಮಿಲ್ಲುಗಳು ಮುಚ್ಚಿದ ಊರು, ಕೋವಿಡ್ ಕಾಲ ಬೇರೆ. ಸ್ಕಾಟ್‌ಲೆಂಡ್ ಸರ್ಕಾರದ ಭೂನಿಧಿಯಿಂದ 10 ಲಕ್ಷ ಪೌಂಡು ಬಂತು, ಪ್ರಪಂಚದ ಎಲ್ಲೆಲ್ಲಿಂದಲೋ ಸಾವಿರಾರು ಜನ ಸಣ್ಣಪುಟ್ಟ ದುಡ್ಡು ಹಾಕಿದರು. 2021ರ ಮಾರ್ಚಿನಲ್ಲಿ 38 ಲಕ್ಷ ಪೌಂಡಿಗೆ ಸುಮಾರು 5,200 ಎಕರೆ ಕೊಂಡರು. ಮುಂದಿನ ವರ್ಷ 22 ಲಕ್ಷಕ್ಕೆ ಇನ್ನೂ 5,300 ಎಕರೆ. ಈಗ ಅದು ಟ್ಯಾರಸ್ ವ್ಯಾಲಿ ಸಂರಕ್ಷಿತ ಪ್ರದೇಶ. ಮಾಲೀಕರು ಊರಿನವರು.

ಕುರಿ ರಂಗಪ್ಪ, ಸಿರಾ

ತಮ್ಮದೇ ಗುಡ್ಡಕ್ಕೆ ದುಡ್ಡು ಕೊಟ್ಟು ಕೊಂಡುಕೊಂಡ್ರಾ? ಡ್ಯೂಕ್ ಅಂಥೋನು ಸುಮ್ನೆ ಬಿಟ್ಟುಕೊಡಬೇಕಿತ್ತು. ಅವನೇನು ಕೊಂಡಿದ್ನಾ?

ಕೋಟೆ ಬಾಗಿಲು

ರಂಗಪ್ಪನವರ ಪ್ರಶ್ನೆಗೆ ಯಾವ ಕೋರ್ಟಲ್ಲೂ ಉತ್ತರ ಸಿಗಲ್ಲ. ಅಂದ ಹಾಗೆ ಕಾವೇರಿಯವರೇ, ಕಂಬದ ಮಾತಿಗೆ ನೆನಪಾಯಿತು. ನಮ್ಮ ಶ್ರೀರಂಗಪಟ್ಟಣದ ಹತ್ತಿರ ಕಿರಂಗೂರಲ್ಲೂ ಅಂಥದ್ದೇ ಒಂದು ಕಲ್ಲಿನ ಕಂಬ ಇದೆ. ಜೋಸಾಯ ವೆಬ್ ಅನ್ನೋ ಕಂಪನಿ ಅಧಿಕಾರಿ ನೆನಪಿಗೆ ಪೂರ್ಣಯ್ಯನವರು ಹಾಕಿಸಿದ್ದು. ದಿನಾ ಅದರ ಪಕ್ಕ ಓಡಾಡೋರಿಗೇ ಅದು ಯಾರದು ಅಂತ ಗೊತ್ತಿಲ್ಲ.

ತಾಂಡವಪುರ ಮಂಜ

ಅಕ್ಕಾ, ನಮ್ಮ ಚಿಕ್ಕಪ್ಪ ಆ ಫ್ಯಾಕ್ಟರೀಲಿ ನೇಯ್ಗೆ ಸೆಕ್ಷನ್ನಲ್ಲಿದ್ದರು. ಇದನ್ನೆಲ್ಲ ಓದಿ ಹೇಳಿದೆ. ಊರು ನೋಡಬೇಕಲ್ಲೋ ಅಂತಿದ್ದಾರೆ. ಮಗಳು ಮ್ಯಾಂಚೆಸ್ಟರಲ್ಲಿ ಓದ್ತಿದ್ದಾಳೆ. ರೈಲು ಇದೆಯಾ?

ಕಾರ್ಲೈಲ್ ಕಾವೇರಿ

ಕಾರ್ಲೈಲ್‌ವರೆಗೆ ರೈಲು. ಲ್ಯಾಂಗಮ್ಮಿಗೆ 1864ರಲ್ಲಿ ರೈಲು ಬಂದಿತ್ತು, 1964ರಲ್ಲಿ ಜನ ಓಡಾಡೋ ರೈಲು ನಿಲ್ಲಿಸಿಬಿಟ್ಟರು. ಕಾರ್ಲೈಲಿಂದ ಎಕ್ಸ್95 ಬಸ್ಸು ಹತ್ತಿ, ಊರೊಳಗೇ ಇಳಿಸುತ್ತೆ. ಜುಲೈ ಕೊನೇ ವಾರ ಮಾತ್ರ ಬೇಡ, ಊರಲ್ಲಿ ಒಂದು ರೂಮೂ ಸಿಗಲ್ಲ. ಹಬ್ಬಕ್ಕೇ ಬರಬೇಕು ಅಂದರೆ ನಮ್ಮ ಮನೇಲಿ ಉಳ್ಕೊಳ್ಳಿ, ಬೆಳಗಿನ ಜಾವ ಹೊರಡಬೇಕು ಅಷ್ಟೇ.

ತಾಂಡವಪುರ ಮಂಜ

ಚಿಕ್ಕಪ್ಪಂಗೆ ಹೇಳಿದೆ ಅಕ್ಕಾ. ರೊಟ್ಟಿ ಮೀನು ತಿನ್ನೋಕೆ ಕೊಡ್ತಾರಾ, ಬರೀ ತೋರಿಸ್ತಾರಾ ಅಂತ ಕೇಳ್ತಿದ್ದಾರೆ.

ಕಾರ್ಲೈಲ್ ಕಾವೇರಿ

ಬರೀ ತೋರಿಸೋಕೆ! ಮೊಳೆ ಹೊಡೆದಿರ್ತಾರೆ ಅಂದೆನಲ್ಲ.